ಮನೆ ಇಲ್ಲದಾಕಿಗೆ ಹೆಸರೂ ಇಲ್ಲ ಅಂತ ಯಾರು ಹೇಳಿದ್ದು?



ಪೋಸ್ಟ್ ಉದ್ದ ಆಗಿದೆ. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದ್ರಿ. ಒಪ್ಪದಿದ್ದರೆ ನೇರವಾಗಿ ಹೇಳ್ರಿ, ಬೇಜಾರಿಲ್ಲ.

ಸರ್ಕಾರದ ಅರ್ಜಿ ಯಾವುದೇ ಇರಲಿ, ಮೊದಲ ಮೂರು ಸಾಲು ಹೆಚ್ಚುಕಮ್ಮಿ ಒಂದೇ. ಹೆಸರು. ತಂದೆ ಅಥವಾ ಗಂಡನ ಹೆಸರು. ವಿಳಾಸ. ನಾನು ಕ್ಲರ್ಕ್. ಇಂಥ ಅರ್ಜಿಗಳ ಕಟ್ಟು ನೋಡ್ತಾನೇ ಅರ್ಧ ವಯಸ್ಸು ಕಳೆದಿದೀನಿ. ಮೊದಲ ಸಾಲು ಎಲ್ಲರೂ ಹೇಳ್ತಾರೆ. ಎರಡನೇದಕ್ಕೆ ಬಂದಾಗ ಕೆಲವು ಹೆಣ್ಣುಮಕ್ಕಳು ಸುಮ್ಮನಾಗಿಬಿಡ್ತಾರೆ. ಮೂರನೇದಕ್ಕೆ ಬಂದಾಗ ಸೆರಗು ಸರಿಮಾಡಿಕೊಂಡು ಆಚೆ ಈಚೆ ನೋಡ್ತಾರೆ. ನಾವು ಅರ್ಜಿ ಮೇಲೆ "ಅಪೂರ್ಣ" ಅಂತ ಬರೆದು ವಾಪಸ್ ಕೊಡ್ತೀವಿ. ಆ ಮಾತು ಅರ್ಜಿಗೆ ಹೇಳಿದ್ದು ಅಂತ ನಮಗೆ ಅನ್ನಿಸ್ತದೆ. ತನಗೇ ಹೇಳಿದ್ರು ಅಂತ ಆಕಿಗೆ ಅನ್ನಿಸ್ತದೆ.

ಇವತ್ತು ಬರೀತಿರೋದು ಆ ಹೆಣ್ಣುಮಕ್ಕಳ ಬಗ್ಗೆ. ಸ್ವಂತ ಸೂರಿಲ್ಲದೆ ಬದುಕೋ ಹೆಂಗಸರು ತಮ್ಮ ಮೇಲೆ ಊರು ಹಾಕಿದ ಕಳಂಕವನ್ನ ಹೆಂಗೆ ಹೊತ್ಕೊಂಡು ಬದುಕ್ತಾರೆ, ತಮಗೆ ತಾವೇ ಎಂಥ ಗುರುತು ಕಟ್ಟಿಕೊಳ್ತಾರೆ, ಅದರಲ್ಲಿ ನಮ್ಮ ಚಳವಳಿ ಎಲ್ಲಿ ನಿಂತಿದೆ ಅನ್ನೋದರ ಬಗ್ಗೆ.

ಮನೆ ಇಲ್ಲದವರು ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಬಳ್ಳಾರಿ ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ದೊಡ್ಡಾಸ್ಪತ್ರೆ ಆವರಣ. ಅಲ್ಲಿ ಇದ್ದಾರೆ, ನಿಜ. ಆದರೆ ನಮ್ಮ ರೂಪನಗುಡಿ ಹೋಬಳಿಯಲ್ಲಿ, ಕುರುಗೋಡು, ಸಿರುಗುಪ್ಪ ಕಡೆ ಊರುಗಳಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಸಾಲು ಇದೆ. ಅಣ್ಣನ ಮನೆ ಕಟ್ಟೆ ಮೇಲೆ ಹಾಸಿಗೆ ಸುತ್ತಿಟ್ಟುಕೊಂಡು ಬದುಕೋ ಗಂಡ ಬಿಟ್ಟ ಹೆಣ್ಣುಮಗಳು. ಮೆಣಸಿನಕಾಯಿ ಬಿಡಿಸೋ ಸುಗ್ಗಿ ಮುಗಿಯೋ ತನಕ ಗೌಡರ ಹೊಲದ ಶೆಡ್ಡಿನಲ್ಲಿ ಇದ್ದು, ಸುಗ್ಗಿ ಮುಗಿದ ಮೇಲೆ ಎಲ್ಲಿ ಹೋಗಬೇಕೋ ಗೊತ್ತಿಲ್ಲದಾಕಿ. ಗುಡಿ ಪಡಸಾಲೆಯಲ್ಲಿ ಮಲಗೋ ಮುದುಕಿ. ಇವರನ್ನ ಯಾರೂ "ನಿರಾಶ್ರಿತರು" ಅನ್ನೋದಿಲ್ಲ. "ಯಾರದೋ ಆಶ್ರಯದಲ್ಲಿ ಇದ್ದಾಳಲ್ಲ" ಅಂತಾರೆ. ಆ ಆಶ್ರಯ ಬೆಳಗ್ಗೆ ಎದ್ದಾಗ ಇರ್ತದೋ ಇಲ್ಲವೋ ಅನ್ನೋದು ಆಕಿಗೆ ಮಾತ್ರ ಗೊತ್ತು.

ಇನ್ನ ಹೆಸರುಗಳು ನೋಡ್ರಿ. ಗಂಡ ಬಿಟ್ಟಾಕಿ. ದಿಕ್ಕಿಲ್ಲದಾಕಿ. ಬೀದಿಯಾಕಿ. ಹುಚ್ಚಿ. ಗಂಡಸು ಗುಡಿ ಕಟ್ಟೆ ಮೇಲೆ ಮಲಗಿದ್ರೆ "ಪಾಪ, ವೈರಾಗ್ಯ ಬಂದೈತಿ" ಅಂತಾರೆ. ಗಡ್ಡ ಬಿಟ್ಟರೆ ಸಾಧು ಆಗ್ತಾನೆ, ನಾಲ್ಕು ಜನ ಕೈಮುಗೀತಾರೆ. ಅದೇ ಕಟ್ಟೆ ಮೇಲೆ ಹೆಂಗಸು ಮಲಗಿದ್ರೆ ಮೊದಲ ಪ್ರಶ್ನೆ ನಡತೆ ಮೇಲೆ. ಸೂರು ಇಲ್ಲದಿರೋದು ಗಂಡಸಿಗೆ ಬಡತನ, ಹೆಂಗಸಿಗೆ ಚಾರಿತ್ರ್ಯ. ಆಕಿ ನಮ್ಮ ಕೇರಿಯಾಕಿ ಆಗಿದ್ರಂತೂ ಕೇಳೋದೇ ಬೇಡ. "ಇವರದೆಲ್ಲ ಹಂಗೇ" ಅಂತ ಜಾತಿಗೇ ಸೇರಿಸಿ ಮಾತು ಮುಗಿಸ್ತಾರೆ.

ಈ ಮಾತುಗಳ ನಡುವೆ ಆಕಿ ಹೆಂಗೆ ಬದುಕ್ತಾಳೆ? ಸುಮ್ಮನೆ ಕೂತು ಅಳ್ತಾಳೆ ಅಂದ್ಕೊಂಡ್ರೆ ತಪ್ಪು. ಆಕಿ ದಿನಾ ಒಂದೊಂದು ಉಪಾಯ ಮಾಡ್ತಿರ್ತಾಳೆ.

ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾಕಿ ನನಗೆ ಹೇಳಿದ ಮಾತು ಇದು: "ಗಂಡ ಸತ್ತಾನೋ ಬದುಕ್ಯಾನೋ ಗೊತ್ತಿಲ್ಲಕ್ಕ. ತಾಳಿ ಮಾತ್ರ ಬಿಚ್ಚಿಲ್ಲ. ಇದು ಕೊಳ್ಳಾಗ ಇದ್ರ ರಾತ್ರಿ ಒಬ್ಬ ಕಮ್ಮಿ ಬರ್ತಾನ." ನಾವು ಸಭೆಗಳಲ್ಲಿ ತಾಳಿ ಅಂದ್ರೆ ಗುಲಾಮಗಿರಿ ಅಂತ ಭಾಷಣ ಮಾಡ್ತೀವಿ. ಆ ಭಾಷಣ ತಪ್ಪಲ್ಲ. ಆದರೆ ಬಾಗಿಲಿಲ್ಲದಾಕಿ ಆ ಕರಿಮಣಿಯನ್ನ ಬಾಗಿಲಿಗೆ ಬದಲಾಗಿ ಬಳಸ್ತಿದ್ದಾಳೆ. ಚಿಲಕ ಇರೋ ಮನೆಯಲ್ಲಿ ಕೂತು ನಾವು ಆಕಿಗೆ ಸಿದ್ಧಾಂತ ಹೇಳೋದು ಸುಲಭ.

ಇನ್ನೊಬ್ಬಾಕಿ ಬಟ್ಟೆ ವಿಷಯದಲ್ಲಿ ಭಾರೀ ಕಟ್ಟುನಿಟ್ಟು. ಇರೋ ಎರಡು ಸೀರೆ ಸರದಿ ಮೇಲೆ ಒಗೆದು ಉಡ್ತಾಳೆ, ತಲೆ ಬಾಚಿಕೊಂಡೇ ಹೊರಬೀಳ್ತಾಳೆ. ಜೀನ್ಸ್ ಘಟಕದಲ್ಲಿ ದಾರ ಕತ್ತರಿಸೋ ಕೆಲಸ. ಅಲ್ಲಿ ಯಾರಿಗೂ ಆಕಿಗೆ ಮನೆ ಇಲ್ಲ ಅನ್ನೋದು ಗೊತ್ತಿಲ್ಲ. ಗೊತ್ತಾದ್ರೆ ಕೂಲಿ ಕಮ್ಮಿ ಮಾಡ್ತಾರೆ, ಇಲ್ಲಾಂದ್ರೆ "ರಾತ್ರಿ ಇಲ್ಲೇ ಇರು" ಅಂತಾರೆ. ಎರಡೂ ಬೇಡ ಅಂತ ದಿನಾ ಸಂಜೆ ಮನೆಗೆ ಹೋಗೋಳ ಹಂಗೆ ಚೀಲ ಹೆಗಲಿಗೆ ಹಾಕ್ಕೊಂಡು ಹೊರಡ್ತಾಳೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರು ಆದಾಗ ಪುಗಸಟ್ಟೆ ಓಡಾಟ ಅಂತ ಎಷ್ಟು ಜನ ಕುಹಕ ಮಾಡಿದ್ರು. ಆಧಾರ್ ಇರೋ ಕೆಲವು ಮನೆಯಿಲ್ಲದ ಹೆಣ್ಣುಮಕ್ಕಳಿಗೆ ಬಸ್ಸಿನ ಸೀಟು ಅಂದ್ರೆ ಹಗಲಲ್ಲಿ ಯಾರೂ ಎಬ್ಬಿಸದ ಜಾಗ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗಿ ವಾಪಸ್ ಬಂದ್ರೆ ಅಷ್ಟು ಹೊತ್ತು ಆಕಿ ಪ್ರಯಾಣಿಕಳು. "ಇಲ್ಲಿ ಯಾಕ ಕುಂತಿ?" ಅಂತ ಕೇಳೋರು ಯಾರೂ ಇಲ್ಲ.

ಇನ್ನೊಂದು ಉಪಾಯ ಎಲ್ಲಕ್ಕಿಂತ ಹೆಚ್ಚು ಕೇಳಿಬರ್ತದೆ. "ನಾನು ಅಂಥಾಕಿ ಅಲ್ಲ." ದುಡಿಯಾಕಿ ಹೇಳ್ತಾಳೆ, ನಾನು ಬೇಡೋಳಲ್ಲ. ಬೇಡೋಳು ಹೇಳ್ತಾಳೆ, ನಾನು ಬೇಡಿ ತಿಂತೀನಿ, ಕೆಟ್ಟ ಕೆಲಸ ಮಾಡೋದಿಲ್ಲ. ಒಬ್ಬರು ಇನ್ನೊಬ್ಬರ ಮೇಲೆ ಕಳಂಕ ದಾಟಿಸ್ತಾ ದಾಟಿಸ್ತಾ ಕೊನೆಗೆ ಅದು ಯಾರ ತಲೆ ಮೇಲೆ ನಿಲ್ತದೆ? ಉತ್ತರ ಕೊಡೋಕೆ ಬಾಯಿಲ್ಲದಾಕಿ ಮೇಲೆ, ಮನಸ್ಸು ಸ್ಥಿಮಿತ ಇಲ್ಲದಾಕಿ ಮೇಲೆ. ಇದು ಗೊತ್ತಿರೋ ಲೆಕ್ಕ ಅಲ್ವಾ ಗೆಳೆಯರೆ? ನಮ್ಮ ಮೇಲೆ ಒಬ್ಬರು, ನಮ್ಮ ಕೆಳಗೆ ಒಬ್ಬರು ಅಂತ ಜಾತಿ ಮೆಟ್ಟಿಲು ನಿಂತಿರೋದೇ ಹಿಂಗೆ. ಇದನ್ನ ಬಾಬಾಸಾಹೇಬರು ನಮಗೆ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ.

ಬಾಬಾಸಾಹೇಬರ ಹೆಸರು ಬಂತು, ಒಂದು ನೆನಪು ಮಾಡ್ತೀನಿ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದ ಅವರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದಾಗ ಇರೋಕೆ ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಗೊತ್ತಾದ ದಿನ ಪಾರ್ಸಿಗಳು ದೊಣ್ಣೆ ಹಿಡಿದು ಬಂದರು. ಗೆಳೆಯರ ಮನೆಗಳಲ್ಲೂ ಜಾಗ ಸಿಗದೆ ಒಂದು ಸಾರ್ವಜನಿಕ ಉದ್ಯಾನದಲ್ಲಿ ಹೊತ್ತು ಕಳೆದು, ರಾತ್ರಿ ರೈಲಿಗೆ ಮುಂಬೈಗೆ ವಾಪಸಾದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಇದನ್ನ ಅವರೇ ಬರೆದಿದ್ದಾರೆ. ಅಷ್ಟು ಓದಿದವರೂ ಒಂದು ಸೂರಿಗಾಗಿ ಹೆಸರು ಮರೆಸಬೇಕಾಯ್ತು. ಇವತ್ತು ಬಳ್ಳಾರಿಯಲ್ಲಿ ಬಾಡಿಗೆ ರೂಮಿಗಾಗಿ ಜಾತಿ ಬದಲಿಸಿ ಹೇಳೋ ಒಂಟಿ ಹೆಣ್ಣುಮಗಳನ್ನ "ಸುಳ್ಳು ಹೇಳಿದ್ಲು" ಅಂತ ಯಾರಾದ್ರೂ ಬೈದರೆ, ಈ ಪುಸ್ತಕ ಓದಿ ಅಂತ ಹೇಳ್ರಿ.

ಈಗ ನಮ್ಮ ಜಿಲ್ಲೆಗೇ ಸೇರಿದ ಮಾತಿಗೆ ಬರ್ತೀನಿ.

ಬಳ್ಳಾರಿ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳನ್ನ ಬಸವಿ ಅಂತಿದ್ರು. ಬ್ರಿಟಿಷರ ಕಾಲದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ಸುಮಾರಿಗೆ ಬಳ್ಳಾರಿ ಜಿಲ್ಲೆಯ ಬಸವಿಯರ ಬಗ್ಗೆನೇ ಒಂದು ಲೇಖನ ಬರೆದ. ಅದರಲ್ಲಿ ಮುಖ್ಯ ಸಂಗತಿ ಏನಂದ್ರೆ, ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನ ಬಸವಿ ಬಿಟ್ಟರೆ ಆಕಿ ಮಗನ ಸ್ಥಾನದಲ್ಲಿ ನಿಂತು ಅಪ್ಪನ ಆಸ್ತಿಗೆ ಹಕ್ಕುದಾರಳು ಆಗ್ತಿದ್ಲು. ಮನೆತನ ಉಳಿಸೋಕೆ, ಮುಪ್ಪಿನ ತಂದೆತಾಯಿ ನೋಡ್ಕೊಳ್ಳೋಕೆ ಮಗಳನ್ನ ಮನೆಯಲ್ಲೇ ಇಟ್ಕೊಂಡ ಪದ್ಧತಿ ಇದು. ನಮ್ಮ ಕೇರಿಗಳಲ್ಲಿ ಆಸ್ತಿ ಅಂದ್ರೆ ಎಷ್ಟು? ಒಂದು ಗುಡಿಸಲು, ಹೆಚ್ಚೆಂದ್ರೆ ತುಂಡು ಹೊಲ. ತಂದೆತಾಯಿ ಹೋದ ಮೇಲೆ ಅಣ್ಣತಮ್ಮಂದಿರ ಮಕ್ಕಳು ಪಹಣಿ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಮನೆ ಉಳಿಸೋಕೆ ಅಂತ ಜೀವ ತೇದವಳಿಗೆ ಕೊನೆಗೆ ಮನೆ ಉಳಿಯಲಿಲ್ಲ. ಇಂಥ ತಾಯಂದಿರನ್ನ ನಾನು ಒಂದಲ್ಲ, ಹತ್ತು ಊರಲ್ಲಿ ನೋಡಿದೀನಿ.

ಕಾನೂನು ಏನು ಮಾಡ್ತು? ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ 1947ರ ಮದ್ರಾಸ್ ಕಾಯ್ದೆ ಬಂತು. 1953ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಆಯ್ತು. 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ ರಾಜ್ಯದಲ್ಲಿ 46,660 ಮಹಿಳೆಯರನ್ನ ಗುರುತಿಸಿದ್ರು. ಆ ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಮನೆ, ಸಾಲ. ಇಲ್ಲದಿದ್ದರೆ ಇಲ್ಲ. ಸಮೀಕ್ಷೆಯವರು ಬಂದ ದಿನ ಕೂಲಿಗೆ ಗುಳೆ ಹೋಗಿದ್ದವರು, ಮಗಳ ಮದುವೆ ಕೆಡ್ತದೆ ಅಂತ ಬಾಯಿ ಬಿಡದವರು ಹೊರಗೇ ಉಳಿದ್ರು.

ಇಲ್ಲಿ ಒಂದು ಸಿಕ್ಕು ಇದೆ. ಇದನ್ನ ಬಿಡಿಸದೆ ಮುಂದೆ ಹೋಗೋಕೆ ಆಗಲ್ಲ. ಮನೆ ಬೇಕಾದ್ರೆ ಆಕಿ "ನಾನು ಮಾಜಿ ದೇವದಾಸಿ" ಅಂತ ಬರೆದುಕೊಡಬೇಕು. ಮನೆ ಸಿಕ್ಕ ಮೇಲೆ ಆ ಮಾತು ಆಕಿ ಮನೆ ಬಾಗಿಲಿಗೇ ಅಂಟಿಕೊಳ್ತದೆ. ಮಕ್ಕಳ ಸಂಬಂಧ ಕೇಳೋಕೆ ಬಂದವರು ಪಟ್ಟಿ ನೋಡಿ ಎದ್ದು ಹೋಗ್ತಾರೆ. ಯಾವ ಹೆಸರು ಆಕಿಯನ್ನ ಬೀದಿಗೆ ತಂತೋ ಅದೇ ಹೆಸರು ಹೇಳಿಕೊಂಡ್ರೆ ಮಾತ್ರ ಬೀದಿಯಿಂದ ಮೇಲೆ ಬರೋಕೆ ದಾರಿ.

ನಮ್ಮ ಗೆಳೆಯರಲ್ಲಿ ಕೆಲವರು ಆ ಪದವನ್ನೇ ದಾಖಲೆಯಿಂದ ತೆಗೀಬೇಕು ಅಂತಾರೆ. ಕಳಂಕ ಹೋಗಬೇಕು ಅನ್ನೋ ಕಾಳಜಿ ಅವರದು. ಒಬ್ಬ ಹಿರಿಯ ತಾಯಿ ಮಾತ್ರ ಇದನ್ನ ಬೇರೆ ಥರ ಹೇಳಿದ್ಲು: "ಕಾಗದದಾಗಿನ ಹೆಸರು ತೆಗಿಬ್ಯಾಡ್ರಿ, ಅದು ನನ್ನ ರೊಕ್ಕ. ಬಾಯಾಗಿನ ಹೆಸರು ತೆಗೀರಿ." ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರೋದಿಲ್ಲ. ಹಕ್ಕು ಕೇಳುವಾಗ ಆ ಹೆಸರನ್ನ ಗಟ್ಟಿಯಾಗಿ ಹೇಳ್ತಾಳೆ, ಓಣಿಯಲ್ಲಿ ಬರೀ ಅಮ್ಮ, ಅಜ್ಜಿ ಆಗಿ ಬದುಕ್ತಾಳೆ. ಎಲ್ಲಿ ಯಾವ ಹೆಸರು ಅನ್ನೋದನ್ನ ತೀರ್ಮಾನ ಮಾಡೋ ಅಧಿಕಾರ ಆಕಿಯದು. ನಮ್ಮದಲ್ಲ, ಇಲಾಖೆಯದೂ ಅಲ್ಲ. ದೇವದಾಸಿ ಮಹಿಳೆಯರ ವಿಮೋಚನಾ ಸಂಘದಂಥ ಸಂಘಟನೆಗಳಲ್ಲಿ ಈ ತಾಯಂದಿರು ಕೆಂಪು ಬಾವುಟ ಹಿಡಿದು, ಮೈಕ್ ಮುಂದೆ ನಿಂತು ತಮ್ಮ ಬದುಕು ತಾವೇ ಹೇಳಿದ್ದಾರೆ. ಹಂಗೆ ತಾನೇ ಹೇಳಿಕೊಂಡಾಗ ಅದೇ ಪದ ಬೈಗುಳ ಆಗಿ ಉಳಿಯೋದಿಲ್ಲ, ಹೋರಾಟದ ಗುರುತು ಆಗ್ತದೆ.

2025ರಲ್ಲಿ ಬಂದ ಹೊಸ ದೇವದಾಸಿ ಕಾಯ್ದೆಯಲ್ಲಿ ಒಂದು ದೊಡ್ಡ ಹೆಜ್ಜೆ ಇದೆ. ಈ ತಾಯಂದಿರ ಮಕ್ಕಳು ದಾಖಲೆಗಳಲ್ಲಿ ತಂದೆ ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡೋ ಹಂಗಿಲ್ಲ. ಎಷ್ಟೋ ವರ್ಷ ಬೀದಿಗಿಳಿದು ಕೇಳಿದ್ದಕ್ಕೆ ಸಿಕ್ಕ ಗೆಲುವು ಇದು. ನನ್ನ ಪ್ರಶ್ನೆ ಇಷ್ಟೆ. ಅರ್ಜಿಯ ಎರಡನೇ ಸಾಲು ಇಲ್ಲದೆಯೂ ಒಬ್ಬ ಮನುಷ್ಯ ಪೂರ್ತಿ ನಾಗರಿಕ ಆಗಬಹುದು ಅಂತ ಸರ್ಕಾರ ಒಪ್ಪಿಕೊಂಡ ಮೇಲೆ, ಗಂಡ ಬಿಟ್ಟಾಕಿಗೆ, ಅವಿವಾಹಿತೆಗೆ, ಮನೆಯಿಂದ ಹೊರಬಿದ್ದಾಕಿಗೆ ಆ ಸಾಲು ಯಾಕೆ ಕಡ್ಡಾಯ?

ಮೂರನೇ ಸಾಲಿಗೆ ಬರೋಣ. ವಿಳಾಸ.

ನಿಮಗೆ ಗೊತ್ತಿರಲಿ. ಮತದಾರರ ಪಟ್ಟಿಗೆ ಸೇರೋಕೆ ಮನೆ ಇಲ್ಲದವರಿಗೆ ವಿಳಾಸದ ದಾಖಲೆ ಬೇಕಿಲ್ಲ. ನಮೂನೆ 6ರಲ್ಲಿ ತಾವು ಮಲಗೋ ಜಾಗ ಬರೆದ್ರೆ ಬಿಎಲ್ಒ ರಾತ್ರಿ ಹೊತ್ತು ಅಲ್ಲಿಗೆ ಹೋಗಿ ನೋಡಬೇಕು. ಅಲ್ಲೇ ಮಲಗಿದ್ದು ಖಾತ್ರಿ ಆದ್ರೆ ಸಾಕು. ಚುನಾವಣಾ ಆಯೋಗದ್ದೇ ನಿಯಮ ಇದು. ಅಂದ್ರೆ ಫುಟ್‌ಪಾತ್ ಕೂಡ ಒಂದು ವಿಳಾಸ ಅಂತ ಪ್ರಜಾಪ್ರಭುತ್ವ ಒಪ್ಪಿಕೊಂಡಿದೆ. ವೋಟಿಗೆ ಸಾಕಾದ ವಿಳಾಸ ರೇಷನ್ ಕಾರ್ಡಿಗೆ ಯಾಕೆ ಸಾಲದು? ರೇಷನ್ ಕಾರ್ಡ್ ಇಲ್ಲದೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಇಲ್ಲ. ಯೋಜನೆಯ ಹೆಸರಲ್ಲೇ ಗೃಹ ಇದೆ. ಗೃಹವೇ ಇಲ್ಲದ ಲಕ್ಷ್ಮಿಯರು ಎಲ್ಲಿಗೆ ಹೋಗಬೇಕು?

ಲೆಕ್ಕವನ್ನೂ ನೋಡ್ರಿ. 2011ರ ಜನಗಣತಿ ಪ್ರಕಾರ ದೇಶದಲ್ಲಿ ವಸತಿ ಇಲ್ಲದವರು 17.7 ಲಕ್ಷ, ಅದರಲ್ಲಿ ಹೆಣ್ಣುಮಕ್ಕಳು 7 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲಿ ಒಟ್ಟು 76 ಸಾವಿರದಷ್ಟು. ಇವರನ್ನ ಎಣಿಸಿದ್ದು ಫೆಬ್ರುವರಿ 28ರ ಒಂದೇ ರಾತ್ರಿ. ರಾತ್ರಿ ಹೊತ್ತು ಒಂಟಿ ಹೆಂಗಸು ಏನು ಮಾಡ್ತಾಳೆ? ಯಾರ ಕಣ್ಣಿಗೂ ಬೀಳದ ಮೂಲೆ ಹುಡುಕ್ತಾಳೆ. ಅದೇ ಆಕಿಯ ರಕ್ಷಣೆ. ಬ್ಯಾಟರಿ ಹಿಡಿದು ಗಂಡಸರು ಬಂದ್ರೆ ಇನ್ನೂ ಒಳಗೆ ಸರೀತಾಳೆ. ಅಣ್ಣನ ಕಟ್ಟೆ ಮೇಲೆ ಮಲಗಿದಾಕಿ ಅಣ್ಣನ ಕುಟುಂಬದ ಲೆಕ್ಕಕ್ಕೆ ಹೋಗ್ತಾಳೆ. ಹಿಂಗಾಗಿ ಬದುಕೋಕೆ ಆಕಿ ಕಲಿತ ಉಪಾಯವೇ ಆಕಿಯನ್ನ ಲೆಕ್ಕದಿಂದ ಅಳಿಸಿಹಾಕ್ತದೆ.

2010ರಲ್ಲಿ ಸುಪ್ರೀಂ ಕೋರ್ಟ್ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ತೆರೆದಿರೋ ವಸತಿ ಕೇಂದ್ರ ಬೇಕು ಅಂತ ಹೇಳ್ತು. 2011ರಲ್ಲೇ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. ಅಂದ್ರೆ ಕನಿಷ್ಠ ನಾಲ್ಕು ಬೇಕು. ಅದರಲ್ಲಿ ಹೆಣ್ಣುಮಕ್ಕಳಿಗೆ, ಮಕ್ಕಳಿದ್ದ ತಾಯಂದಿರಿಗೆ ಬೇರೆ ಬೇಕು. ಇದು ನಗರದ ಮಾತು. ರೂಪನಗುಡಿಯಂಥ ಊರಿಗೆ ಈ ಲೆಕ್ಕವೇ ಇಲ್ಲ. ಹಳ್ಳಿಯಲ್ಲಿ ಮನೆ ಕಟ್ಟೋಕೆ ಅನುದಾನ ಬೇಕಂದ್ರೆ ಮೊದಲು ನಿವೇಶನ ಇರಬೇಕು. ನಿವೇಶನ ಇಲ್ಲದಾಕಿ ಇನ್ನೊಂದು ಪಟ್ಟಿಯಲ್ಲಿ ಕಾಯಬೇಕು. ಆ ಪಟ್ಟಿ ಗ್ರಾಮಸಭೆಯಲ್ಲಿ ಆಗ್ತದೆ, ಗ್ರಾಮಸಭೆಯಲ್ಲಿ ಆಕಿ ಪರವಾಗಿ ಕೈ ಎತ್ತೋರು ಬೇಕು.

ಸರ್ಕಾರಕ್ಕೆ ಗೊತ್ತಿರೋ ಇನ್ನೊಂದು ದಾರಿ ಹಿಡಿದು ಒಳಗೆ ಹಾಕೋದು. ರಾಜ್ಯದ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದ್ದು. ನಾವು ಕಟ್ಟೋ ಆಸ್ತಿ ತೆರಿಗೆ ಜೊತೆ ಶೇಕಡ 3ರಷ್ಟು ಭಿಕ್ಷುಕರ ಕರವೂ ಹೋಗ್ತದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ನಿರಾಶ್ರಿತರ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಇಡೀ ರಾಜ್ಯ ಬೆಚ್ಚಿಬಿತ್ತು, ಆಮೇಲೆ ಮರೀತು. ಬೀದಿ ಹೆಣ್ಣುಮಕ್ಕಳು ಮಾತ್ರ ಮರೆತಿಲ್ಲ. "ವ್ಯಾನ್ ಬಂತು" ಅಂದ್ರೆ ಗಂಟುಮೂಟೆ ಬಿಟ್ಟು ಓಡ್ತಾರೆ.

"ಮೊದಲು ಮನೆ ಕೊಡಿಸೋಣ, ಹೆಸರು ಗುರುತು ಎಲ್ಲ ಆಮೇಲೆ" ಅನ್ನೋ ಗೆಳೆಯರಿಗೆ ನನ್ನ ಉತ್ತರ ಇದು. ಮನೆ ಮೊದಲು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಂಡನ ಹೆಸರು ಕೇಳಿ, ವಿಳಾಸ ಕೇಳಿ, ನಡತೆ ಕೇಳಿ ಬಾಗಿಲಲ್ಲೇ ವಾಪಸ್ ಕಳಿಸ್ತಿದ್ರೆ ಆ ಮನೆ ಆಕಿಗೆ ಮುಟ್ಟೋದೇ ಇಲ್ಲ. ಕಳಂಕ ಅನ್ನೋದು ಬರೀ ಮನಸ್ಸಿನ ನೋವಲ್ಲ. ಅರ್ಜಿ ವಿಲೇವಾರಿ ಆಗೋ ದಾರಿಯಲ್ಲಿ ಅಡ್ಡ ಬಿದ್ದಿರೋ ಕಲ್ಲು ಅದು. ದಿನಾ ಫೈಲ್ ನೋಡೋಳಾಗಿ ಇದನ್ನ ಹೇಳ್ತಿದೀನಿ.

ಹಂಗೇ ಇನ್ನೊಂದು. ಏಪ್ರಿಲ್ 14ಕ್ಕೆ, ಡಿಸೆಂಬರ್ 6ಕ್ಕೆ ಕಂಬಳಿ ಹಂಚ್ತೀವಿ. ಒಳ್ಳೇದು. ಕಂಬಳಿ ಜೊತೆ ಆಕಿ ಮುಖದ ಫೋಟೊ ಯಾಕೆ? ಜೀನ್ಸ್ ಘಟಕದಲ್ಲಿ ಯಾರಿಗೂ ಗೊತ್ತಾಗದ ಹಂಗೆ ಬದುಕಿರೋಳ ಮುಖ ನಿಮ್ಮ ಒಂದು ಪೋಸ್ಟಿನಿಂದ ಊರಿಗೆಲ್ಲ ಗೊತ್ತಾಗ್ತದೆ. ನಮ್ಮ ಕಾರ್ಯಕ್ರಮದ ಪುರಾವೆಗೆ ಆಕಿ ಕೂಲಿ ಹೋಗಬಾರದು.

ಏನು ಮಾಡಬಹುದು? ನನಗೆ ತೋಚಿದ್ದು ಹೇಳ್ತೀನಿ.

ಮುಂದಿನ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1. ವಸತಿ ಇಲ್ಲದವರ ಎಣಿಕೆಗೆ ಹೆಣ್ಣುಮಕ್ಕಳನ್ನೇ ಗಣತಿದಾರರನ್ನಾಗಿ ಕಳಿಸಬೇಕು, ಬೀದಿಯಲ್ಲೇ ಬದುಕಿ ಜಾಗ ಗೊತ್ತಿರೋ ಹೆಣ್ಣುಮಕ್ಕಳನ್ನ ಜೊತೆಗೆ ಕರ್ಕೊಂಡು ಹೋಗಬೇಕು ಅಂತ ಈಗಲೇ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡೋಣ. ಪ್ರತಿ ಗ್ರಾಮಸಭೆಯಲ್ಲಿ ನಿವೇಶನರಹಿತ ಒಂಟಿ ಮಹಿಳೆಯರ ಪಟ್ಟಿ ಬೇರೆ ಮಾಡಿಸೋಣ. ಅದರಲ್ಲಿ "ಯಾರ ಹೆಂಡತಿ" ಅನ್ನೋ ಕಾಲಂ ಇರಬಾರದು. ಹಕ್ಕುಪತ್ರ ಆಕಿ ಒಬ್ಬಳ ಹೆಸರಿಗೇ ಆಗಬೇಕು. ಬಳ್ಳಾರಿಯಲ್ಲಿ ಯಾರಾದ್ರೂ ಪುರುಸೊತ್ತು ಇದ್ದವರು ನಮೂನೆ 6 ತಗೊಂಡು ಬಸ್ ಸ್ಟ್ಯಾಂಡ್, ಸ್ಟೇಷನ್ ಕಡೆ ಹೋಗಿ ಕೂತ್ಕೊಳ್ರಿ. ನಾನೂ ಭಾನುವಾರ ಬರ್ತೀನಿ. ಒಂದು ವೋಟರ್ ಕಾರ್ಡ್ ಬಂದ್ರೆ ಆಕಿ ಹೆಸರಿನ ಮೊದಲ ಕಾಗದ ಅದು. ಅದನ್ನ ಹಿಡಿದು ಉಳಿದಿದ್ದು ಕೇಳಬಹುದು.

ಇನ್ನು ಕಾಸಿಲ್ಲದೆ ಆಗೋ ಕೆಲಸ ಒಂದಿದೆ. ಮನೆ ಇಲ್ಲದ ಹೆಣ್ಣುಮಗಳು ಎದುರಾದಾಗ "ಯಾರ ಪೈಕಿ ನೀನು?" ಅಂತ ಕೇಳೋದು ಬಿಡೋಣ. "ನಿನ್ನ ಹೆಸರೇನಕ್ಕ?" ಅಂತ ಕೇಳೋಣ. ಆಕಿ ಯಾವ ಹೆಸರು ಹೇಳ್ತಾಳೋ ಆ ಹೆಸರಿನಿಂದಲೇ ಕರೆಯೋಣ.

ಭಾನುವಾರ ಬರೋರು ಇನ್‌ಬಾಕ್ಸಿಗೆ ಒಂದು ಮಾತು ಹಾಕ್ರಿ.

ಜೈ ಭೀಮ್.